ರಿಜಿಸ್ಟ್ರಿಯ ಅಂಗಿ

ಭಾನುವಾರ ಬೆಳಿಗ್ಗೆ ಟೈಲರಮ್ಮನ ಹೊಲಿಗೆ ಮಿಷನ್ನಿಗೆ ರಜೆ. ವಾರದ ಉಳಿದ ದಿನಗಳಲ್ಲಿ ಆ ಬಾಡಿಗೆ ಮನೆಯ ಒಂದೇ ಕೋಣೆಯೊಳಗೆ ಮಿಷನ್ನು, ಮಂಚ, ಇಸ್ತ್ರಿಯ ಮೇಜು, ಪಂಪು ರಿಪೇರಿ ಮಾಡುವ ಗಂಡನ ಸ್ಪ್ಯಾನರುಗಳು, ಕಂಡವರ ಅಂಗಿ ಪ್ಯಾಂಟುಗಳು ಎಲ್ಲವೂ ಒಂದರ ಮೇಲೊಂದು ಬಿದ್ದಿರುತ್ತವೆ. ಗಂಡ ಎದ್ದು ನಿಂತರೆ ಹೆಂಡತಿ ಕೂರಬೇಕು. ಕಿಟಕಿ ಒಂದಿದೆ ಎನ್ನಿ, ಆದರೆ ಅದು ತೆರೆದುಕೊಳ್ಳುವುದು ಪಕ್ಕದ ಮನೆಯ ಗೋಡೆಗೆ. ನಡುಹಗಲಲ್ಲೂ ದೀಪ ಹಾಕಿಕೊಂಡೇ ಸೂಜಿಗೆ ದಾರ ಪೋಣಿಸಬೇಕು.

ಅದಕ್ಕೇ ಭಾನುವಾರ ಬಂತೆಂದರೆ ಆಕೆ ಪೊರಕೆ ಹಿಡಿದು ಎರಡು ಬೀದಿ ಆಚೆಗಿನ ತವರುಮನೆಗೆ ಹೊರಡುತ್ತಿದ್ದಳು. ಮನೆಯೊಳಕ್ಕಲ್ಲ, ಪಕ್ಕದ ಸಂದಿಯಿಂದ ಅದರ ಹಿತ್ತಲಿಗೆ. ಅಲ್ಲಿ ಒಂದು ಬಾವಿ, ಒಂದು ಸೀಬೆ ಮರ, ಅಗಲವಾದ ಬಯಲು. ಕಸ ಗುಡಿಸಿ, ಮರಕ್ಕೆ ನೀರು ಹಾಕಿ, ಸೆರಗಿನಿಂದ ಮುಖ ಒರೆಸಿಕೊಂಡು, ನೆಲದ ಮೇಲೆ ಕಾಲಿನಿಂದ ಗೆರೆ ಎಳೆಯುತ್ತಿದ್ದಳು.

"ಇಲ್ಲಿ ಮಿಷನ್ನು. ಇಲ್ಲಿ ಕಿಟಕಿ. ಬೆಳಕು ಎಡಗಡೆಯಿಂದ ಬರಬೇಕು, ಇಲ್ದಿದ್ರೆ ಕೈ ನೆರಳು ಬಟ್ಟೆ ಮೇಲೆ ಬೀಳುತ್ತೆ."

ಬಾವಿ ಕಟ್ಟೆಯ ಮೇಲೆ ಕೂತ ಗಂಡ ನಗುತ್ತಿದ್ದ. "ಕಿಟಕಿ ಇಟ್ಟಿದ್ದಾಯ್ತು. ಗೋಡೆ ಯಾವಾಗಮ್ಮ?"

"ಅಣ್ಣ ರಿಜಿಸ್ಟ್ರಿ ಮಾಡಿಸಿಕೊಟ್ಟ ಮಾರನೇ ದಿನ."

ಆ ಹಿತ್ತಲನ್ನು ಅವರು ಕೊಂಡುಕೊಂಡು ವರ್ಷಗಳೇ ಆಗಿದ್ದವು. ಕೊಂಡುಕೊಂಡಿದ್ದರು ಎಂದು ಅವರು ಅಂದುಕೊಂಡಿದ್ದರು. ಅಣ್ಣನದು ಕನ್ನಡಕದ ಅಂಗಡಿ. ಕಣ್ಣು ಪರೀಕ್ಷೆಯ ಹೊಸ ಯಂತ್ರ ತರಿಸುವ ಹುಮ್ಮಸ್ಸಿನಲ್ಲಿ ಹಿತ್ತಲು ಮಾರುತ್ತೇನೆಂದಾಗ, ತಂಗಿ ತಾನೇ ಕೊಳ್ಳುತ್ತೇನೆಂದಳು. ಗಂಡಹೆಂಡಿರು ಕೂಡಿಟ್ಟಿದ್ದೆಲ್ಲವನ್ನೂ ಒಂದೇ ಸಲಕ್ಕೆ ಕೊಟ್ಟು ಪೂರ್ತಿ ಬೆಲೆ ತೀರಿಸಿದರು. ಕೊಡುವ ಮುಂಚೆ ಗಂಡ ಮೆಲ್ಲಗೆ, "ಭಾವ, ಒಂದು ಅಗ್ರಿಮೆಂಟು ಅಂತ..." ಎಂದಿದ್ದಕ್ಕೇ ಆ ಮನೆಯಲ್ಲಿ ಒಂದು ವಾರ ಎಲ್ಲರೂ ಮುಖ ಊದಿಸಿಕೊಂಡಿದ್ದರು. ಕೊನೆಗೆ ಅಣ್ಣ ದೊಡ್ಡ ಮನಸ್ಸು ಮಾಡಿದವರ ಹಾಗೆ ನಕ್ಕು, ಅಕ್ಕಪಕ್ಕದವರ ಸಾಕ್ಷಿ ಹಾಕಿಸಿ, ಮಾರಾಟದ ಕರಾರು ಬರೆದುಕೊಟ್ಟಿದ್ದರು. ಕೊಳ್ಳುವವರು ಕೇಳಿದಾಗ ಕ್ರಯಪತ್ರ ಬರೆದು ರಿಜಿಸ್ಟರ್ ಮಾಡಿಸಿಕೊಡತಕ್ಕದ್ದು ಎಂದು ಅದರಲ್ಲಿ ಸ್ಪಷ್ಟವಾಗಿತ್ತು.

ಕೇಳಿದಾಗ! ಓದುಗರೇ, ಈ ಕಥೆಯ ಸಂಕಟವೆಲ್ಲ ಆ ಒಂದು ಮಾತಿನಲ್ಲಿದೆ. ಏಕೆಂದರೆ ಆ ಮನೆಯಲ್ಲಿ ಒಳಗಿನವರನ್ನು ಬಾಯಿಬಿಟ್ಟು ಕೇಳುವ ಹಾಗಿರಲಿಲ್ಲ. ಅಜ್ಜನ ಕಾಲದಿಂದ ಬಂದ ಪದ್ಧತಿ ಅದು. ಕೊಟ್ಟ ಮಾತಿಗೆ ಕಾಗದ ಕೇಳಿದರೆ ಅಪನಂಬಿಕೆ, ಕಾಗದವಿದ್ದರೆ ರಿಜಿಸ್ಟ್ರಿ ಕೇಳುವುದು ಅವಮಾನ. ಹಿರಿಯರಿಗೆ ತಾವಾಗಿ ತೋಚಿದಾಗ ಮಾಡಿಕೊಡುತ್ತಾರೆ, ಅಲ್ಲಿಯವರೆಗೆ ಕಾಯುವುದೇ ಒಳ್ಳೆಯ ಹೆಣ್ಣುಮಕ್ಕಳ ಲಕ್ಷಣ. ಗಂಡಸರಿಗೂ ಈ ಪದ್ಧತಿ ಇತ್ತೇ ಎಂದು ನೀವು ಕೇಳಬಹುದು. ಅಣ್ಣ ಯಂತ್ರ ಕೊಂಡ ದಿನ ಅದರ ರಸೀತಿ, ಗ್ಯಾರಂಟಿ ಕಾರ್ಡು ಎರಡನ್ನೂ ತಪ್ಪದೆ ಕೇಳಿ ತೆಗೆದುಕೊಂಡಿದ್ದರು ಎಂದಷ್ಟೇ ಹೇಳಬಲ್ಲೆ.

ಬಾಯಿಬಿಟ್ಟು ಕೇಳಬಾರದು ಸರಿ. ಆದರೆ ಆಸೆ ಸುಮ್ಮನಿರುತ್ತದೆಯೆ? ಟೈಲರಮ್ಮ ತನಗೆ ಗೊತ್ತಿದ್ದ ವಿದ್ಯೆಯಲ್ಲೇ ಒಂದು ದಾರಿ ಕಂಡುಕೊಂಡಳು. ವರ್ಷಕ್ಕೊಂದು ಸಲ ಅಣ್ಣನಿಗೆ ಅಂಗಿ ಹೊಲಿದು ಕೊಡತೊಡಗಿದಳು. ಒಳ್ಳೆಯ ಬಟ್ಟೆ, ಕೈಯಲ್ಲೇ ಹಾಕಿದ ಗುಂಡಿಮನೆ, ಎದೆಯ ಮೇಲೆ ಕನ್ನಡಕಕ್ಕೊಂದು ಜೇಬು, ಅದರ ಪಕ್ಕದಲ್ಲಿ ಪೆನ್ನು ಮಾತ್ರ ಹಿಡಿಸುವಂಥ ಸಣ್ಣದೊಂದು ಜೇಬು.

ಮೊದಲ ಸಲ ಕೊಟ್ಟಾಗ, "ಇದೇನೇ ಸೂಜಿ, ಈ ಮರಿ ಜೇಬು?" ಎಂದಿದ್ದರು ಅಣ್ಣ. ಚಿಕ್ಕಂದಿನಿಂದ ಅವಳನ್ನು ಅವರು ಕರೆಯುತ್ತಿದ್ದದ್ದೇ ಹಾಗೆ.

"ರಿಜಿಸ್ಟ್ರಿ ದಿನ ಹಾಕ್ಕೊಳ್ಳಿ ಅಣ್ಣ. ಸಹಿ ಹಾಕೋ ಪೆನ್ನಿಗೆ."

ಅಣ್ಣ ಮನೆ ತುಂಬುವಂತೆ ನಕ್ಕರು. ಅತ್ತಿಗೆಯೂ ನಕ್ಕರು. ಮುಂದಿನ ವರ್ಷ ಇನ್ನೊಂದು ಅಂಗಿ ಬಂತು. "ಬಂತು ನೋಡಪ್ಪ ರಿಜಿಸ್ಟ್ರಿ ಅಂಗಿ!" ಎಂದು ಮನೆಯಲ್ಲಿ ಅದೊಂದು ತಮಾಷೆಯಾಯಿತು. ಅಣ್ಣ ಅವನ್ನು ಪ್ರೀತಿಯಿಂದಲೇ ತೊಟ್ಟರು. ಅಂಗಡಿಗೆ ತೊಟ್ಟರು, ನೆಂಟರ ಮದುವೆಗೆ ತೊಟ್ಟರು. ರಿಜಿಸ್ಟ್ರಿ ಕಚೇರಿಯೊಂದನ್ನು ಬಿಟ್ಟು ಎಲ್ಲ ಕಡೆಗೂ ಆ ಅಂಗಿಗಳು ಹೋಗಿಬಂದವು.

ಹಿತ್ತಲಿಗಾಗಿ ಹಂಬಲಿಸುತ್ತಿದ್ದ ಇನ್ನೊಂದು ಜೀವ ಆ ಮನೆತನದಲ್ಲಿತ್ತು. ಅದು ಟೈಲರಮ್ಮನ ತಂದೆಯ ತಂಗಿ. ಆಸ್ಪತ್ರೆಯಲ್ಲಿ ನರ್ಸಾಗಿ ನಿವೃತ್ತಿಯಾದ ಅವರನ್ನು ಎಲ್ಲರೂ ನರ್ಸತ್ತೆ ಎನ್ನುತ್ತಿದ್ದರು. ಮದುವೆಯಾಗದೆ ಉಳಿದು, ಯಾರದೋ ಮಹಡಿ ಮೇಲಿನ ಬಾಡಿಗೆ ಕೋಣೆಯಲ್ಲಿ ಒಬ್ಬರೇ ಇದ್ದರು. ಕೆಲವು ಭಾನುವಾರ ಅವರೂ ಹಿತ್ತಲಿಗೆ ಬಂದು, ಸೀಬೆ ಮರದ ತೊಗಟೆ ಸವರಿ, ಸುಮ್ಮನೆ ಕೂತು ಹೋಗುತ್ತಿದ್ದರು. ಆ ಮರ ನೆಟ್ಟವರು ಅವರೇ.

ಹೀಗಿರುವಾಗ ಒಂದು ಭಾನುವಾರ ಟೈಲರಮ್ಮ ಹೋದಾಗ ಹಿತ್ತಲಲ್ಲಿ ಗುರುತಿಲ್ಲದ ಒಬ್ಬ ಮನುಷ್ಯ ಟೇಪು ಹಿಡಿದು ಅಳೆಯುತ್ತಿದ್ದ.

"ಯಾರು ನೀವು?"

"ಗ್ಯಾರೇಜ್ ಹಾಕ್ತಿದೀವಮ್ಮ. ಜಾಗ ಮಾತಾಡಾಗಿದೆ. ಈ ಮರ ಒಂದು ಅಡ್ಡ. ತೆಗೆಸ್ತೀವಿ."

ಆಕೆ ಪೊರಕೆ ಅಲ್ಲೇ ಬಿಟ್ಟು ಒಳಗೆ ಓಡಿದಳು. ಅಣ್ಣ ಕಾಫಿ ಕುಡಿಯುತ್ತಿದ್ದರು. ಅವರ ಮಗಳು, ಅಂಗಡಿಯಲ್ಲಿ ಗಿರಾಕಿಗಳ ಕಣ್ಣು ಪರೀಕ್ಷಿಸುವ ಹುಡುಗಿ, ಪಕ್ಕದಲ್ಲಿ ಕೂತು ಗಾಜು ಒರೆಸುತ್ತಿದ್ದಳು.

"ಅಣ್ಣ, ಹಿತ್ತಲಲ್ಲಿ ಯಾರೋ ಅಳೀತಿದಾರೆ."

"ಗೊತ್ತು ಕೂತ್ಕೊ. ಅವನು ಒಳ್ಳೆ ರೇಟು ಹೇಳಿದಾನೆ. ನೀನು ಕೊಟ್ಟಿದ್ದು ನಿನಗೆ ವಾಪಸ್ ಬರುತ್ತೆ, ಮೇಲೆ ಇನ್ನೂ ಒಂದಿಷ್ಟು ಸೇರಿಸೇ ಕೊಡ್ತೀನಿ. ನಿನಗೇನು ನಷ್ಟ?"

"ನನಗೆ ದುಡ್ಡು ಬೇಡ. ಜಾಗ ಬೇಕು. ನಾವು ಕೊಂಡ್ಕೊಂಡಿದೀವಲ್ಲ ಅಣ್ಣ!"

"ಕೊಂಡ್ಕೊಂಡಿದ್ರೆ ಇಷ್ಟು ವರ್ಷ ಯಾಕೆ ಸುಮ್ನಿದ್ದೆ? ಒಂದು ದಿನ ಕೇಳಿದ್ಯಾ?"

ಕೇಳಬಾರದೆಂದು ಕಲಿಸಿದ ಮನೆಯೇ ಈಗ ಯಾಕೆ ಕೇಳಲಿಲ್ಲ ಎನ್ನುತ್ತಿತ್ತು. ಅತ್ತಿಗೆ ಅಡುಗೆಮನೆಯಿಂದ ಬಂದು ಬಾಗಿಲಿಗೆ ಒರಗಿ ನಿಂತರು.

"ನೋಡಮ್ಮ, ಒಂದು ಹಿತ್ತಲಿಗೋಸ್ಕರ ತವರಿನ ಬಾಗಿಲು ಮುಚ್ಕೊಬೇಡ. ನಾಳೆ ಕಷ್ಟ ಸುಖ ಅಂದ್ರೆ ಬರೋಕೆ ಒಂದು ಮನೆ ಬೇಡ್ವಾ?"

ಆ ಮಾತು ಆಕೆಗೆ ನಾಟಿತು. ಅಣ್ಣನನ್ನು ಆಕೆ ನಿಜಕ್ಕೂ ಪ್ರೀತಿಸುತ್ತಿದ್ದಳು. ತಂದೆ ತೀರಿಕೊಂಡ ಮೇಲೆ ಆಕೆಗೆ ಮೊದಲ ಹೊಲಿಗೆ ಮಿಷನ್ನು ಕೊಡಿಸಿದವರು ಅವರೇ. ಕೆಟ್ಟವರೊಬ್ಬರನ್ನು ತೋರಿಸಿ ಬೈದುಬಿಡುವುದು ಕಥೆಗಾರನಿಗೆ ಸುಲಭ. ಆದರೆ ಇಂಥ ಪದ್ಧತಿಗಳನ್ನು ಉಳಿಸಿಕೊಂಡು ಬಂದವರು ಬಹುಪಾಲು ಕೆಟ್ಟವರಲ್ಲ, ಪ್ರೀತಿಯಿರುವವರೇ. ನನಗೆ ಸಿಟ್ಟು ಬರುವುದೂ ಅದಕ್ಕೇ.

ಆಕೆ ಅಳುತ್ತ ಹೋದದ್ದು ನರ್ಸತ್ತೆಯ ಕೋಣೆಗೆ. ಅವರು ಎಲ್ಲ ಕೇಳಿಸಿಕೊಂಡರು. ಸೀರೆಯ ಅಂಚನ್ನು ಮಡಿಸುತ್ತ ಬಿಡಿಸುತ್ತ ಹೇಳಿದರು.

"ಆ ಹಿತ್ತಲು ನನಗೆ ಕೊಡ್ತೀನಿ ಅಂದಿದ್ದ ನಿಮ್ಮಪ್ಪ."

ಟೈಲರಮ್ಮ ಕಣ್ಣೊರೆಸಿಕೊಂಡು ನೋಡಿದಳು.

"ಮನೆ ಮಾಡು ಸೋರ್ತಿತ್ತು. ನನ್ನ ಸಂಬಳದಲ್ಲೇ ಹೊದಿಸಿದ್ದು. 'ಅದಕ್ಕೆ ಬದಲು ಹಿತ್ತಲು ನಿನ್ನದು, ಒಂದು ಕೋಣೆ ಕಟ್ಕೊ' ಅಂದ. ಆ ಖುಷಿಗೇ ಸೀಬೆ ಸಸಿ ನೆಟ್ಟೆ. ಬರೆದುಕೊಡಣ್ಣ ಅಂತ ನಾಲಿಗೆ ತುದಿವರೆಗೂ ಬರ್ತಿತ್ತು, ನುಂಗ್ಕೊತಿದ್ದೆ. ಅವನು ಸತ್ತ. ನಿಮ್ಮಣ್ಣನಿಗೆ ಆ ವಿಷಯವೇ ಗೊತ್ತಿಲ್ಲ. ನಾನು ಹೇಳಲೂ ಇಲ್ಲ."

"ಯಾಕತ್ತೆ? ನನಗಾದ್ರೂ ಹೇಳಬಾರದಿತ್ತಾ?"

"ಹೇಳಿದ್ರೆ ಕೇಳಿದ ಹಾಗಾಗುತ್ತಲ್ಲ!" ನರ್ಸತ್ತೆ ನಕ್ಕರು. ನಗು ಅರ್ಧಕ್ಕೇ ನಿಂತಿತು. "ಎಲ್ಲರ ಬಾಯಲ್ಲೂ ಒಳ್ಳೆಯವಳು ಅನ್ನಿಸಿಕೊಂಡೆ. ನನಗೆ ಸಿಕ್ಕಿದ್ದು ಅಷ್ಟೇ. ನೀನು ಅಷ್ಟಕ್ಕೇ ನಿಲ್ಲಬೇಡ. ಏಳು, ಮುಖ ತೊಳ್ಕೊ. ನನ್ನ ಕೈಯಲ್ಲಿ ಹುಟ್ಟಿದ ಹುಡುಗಿ ಒಬ್ಬಳು ಈಗ ವಕೀಲಿ ಮಾಡ್ತಿದಾಳೆ. ಹೋಗೋಣ."

ವಕೀಲಮ್ಮ ಕರಾರನ್ನು ಎರಡು ಸಲ ಓದಿ ಬದಿಗಿಟ್ಟರು.

"ಕರಾರು ಚೆನ್ನಾಗಿದೆ. ದುಡ್ಡು ಪೂರ್ತಿ ಸಂದಿದೆ. ಹೀಗಿದ್ದಾಗ ಅವರು ಮಾತಿಗೆ ತಪ್ಪಿದರೆ, ಬರೀ ದುಡ್ಡು ವಾಪಸ್ ಕೊಡಿ ಅಂತಲ್ಲ, ಜಾಗವನ್ನೇ ಬರೆದುಕೊಡಿ ಅಂತ ಕೋರ್ಟು ಹೇಳಬಹುದು. ಆದರೆ ಒಂದು ತೊಡಕಿದೆ. ಕೊಳ್ಳೋಕೆ ನಾವು ಮೊದಲಿಂದ ಕೊನೆವರೆಗೂ ತಯಾರಿದ್ವಿ, ಮನಸ್ಸೂ ಇತ್ತು ಅಂತ ತೋರಿಸಬೇಕು. ಎಷ್ಟು ಸಲ ಕೇಳಿದೀರಿ?"

"ಕೇಳಿಲ್ಲ."

"ಒಂದು ಪತ್ರ? ಒಂದು ನೋಟೀಸು?"

"ಅಣ್ಣನಿಗೆ ನೋಟೀಸಾ!" ಟೈಲರಮ್ಮ ಹೆದರಿ ನರ್ಸತ್ತೆಯ ಕಡೆ ನೋಡಿದಳು.

ವಕೀಲಮ್ಮ ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. "ನೋಡಿ, ಮನೆಯಲ್ಲಿ ಸುಮ್ಮನಿದ್ದರೆ ಮರ್ಯಾದಸ್ಥೆ ಅಂತಾರೆ. ಕೋರ್ಟಲ್ಲಿ ಸುಮ್ಮನಿದ್ದರೆ ಬೇಡ ಅಂತ ಬಿಟ್ಟುಬಿಟ್ಟಿದ್ದಳು ಅಂತಾರೆ. ನನ್ನ ಹತ್ತಿರ ಬರೋ ಹೆಂಗಸರಲ್ಲಿ ಅರ್ಧ ಜನ ಇದೇ ಕಂದಕಕ್ಕೆ ಬಿದ್ದೋರು. ಈಗಲಾದ್ರೂ ಕೇಳೋಣ. ಅಣ್ಣ ಇಲ್ಲ ಅಂದಾಗಿದೆ, ಇನ್ನು ಕಾದಷ್ಟೂ ನಿಮಗೇ ಪೆಟ್ಟು."

ನೋಟೀಸು ಹೋಯಿತು, ಅದರ ಹಿಂದೆಯೇ ಕೋರ್ಟಿನಲ್ಲಿ ದಾವೆ ಹೂಡಿದ್ದಾಯಿತು. ಹಿತ್ತಲನ್ನು ಬೇರೆಯವರಿಗೆ ಮಾರದಂತೆ ಕೋರ್ಟಿನಿಂದ ತಡೆಯಾಜ್ಞೆಯೂ ಬಂತು. ಗ್ಯಾರೇಜಿನವನು ಟೇಪು ಸುತ್ತಿಕೊಂಡು ಹೋದ. ತಡೆಯಾಜ್ಞೆ ಬಂದ ದಿನವೇ ಅಣ್ಣ ಮನೆಯಿಂದ ಹಿತ್ತಲಿಗೆ ತೆರೆಯುವ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿ, ಆಮೇಲೆ ಅದನ್ನು ತೆಗೆಯಲೇ ಇಲ್ಲ. ಬೀದಿಯಲ್ಲಿ ಎದುರಾದರೆ ಮುಖ ತಿರುಗಿಸಿದರು. ತಂಗಿ ಹೊಲಿದುಕೊಟ್ಟ ಒಂದು ಗುಂಡಿಯನ್ನೂ ಇನ್ನು ಮುಟ್ಟುವುದಿಲ್ಲ ಎಂದು ಅಂಗಡಿಯಲ್ಲಿ ಹೇಳಿದರಂತೆ.

ಕೋರ್ಟಿನ ತಾರೀಖುಗಳು ಒಂದರ ಹಿಂದೊಂದು ಮುಂದೆ ಹೋದವು. ನರ್ಸತ್ತೆ ಮೊದಮೊದಲು ಟೈಲರಮ್ಮನ ಜೊತೆ ಹೋಗಿ ವರಾಂಡದ ಬೆಂಚಿನ ಮೇಲೆ ಕೂರುತ್ತಿದ್ದರು. ಆಮೇಲೆ ಮಹಡಿಯ ಮೆಟ್ಟಿಲಿಳಿಯುವುದೇ ಕಷ್ಟವಾಯಿತು. ಹಾಸಿಗೆ ಹಿಡಿದ ಮೇಲೆ ಅವರು ಕೇಳುತ್ತಿದ್ದದ್ದು ಒಂದೇ. "ಸೀಬೆ ಹೂ ಬಿಟ್ಟಿದೆಯಾ?"

"ಬಿಟ್ಟಿದೆ ಅತ್ತೆ. ಕಾಯಾಗ್ತಿದೆ. ಈ ಸಲ ಕೋಣೆ ಕಟ್ಟೇ ಕಟ್ತೀವಿ. ನೀವೂ ನಮ್ಮ ಜೊತೆಗೇ ಬಂದುಬಿಡಿ."

"ಮೆಟ್ಟಿಲಿರಲ್ಲ ಅಲ್ವಾ?"

"ಒಂದೂ ಇರಲ್ಲ."

"ಕಿಟಕಿ ಮರದ ಕಡೆಗಿಡು," ಎಂದರು. ಹಣ್ಣಾಗುವವರೆಗೆ ಅವರು ಉಳಿಯಲಿಲ್ಲ. ಜನ್ಮವಿಡೀ ಇತರರ ಮಂಚದ ಪಕ್ಕ ಎಚ್ಚರವಿದ್ದ ಜೀವ ಬಾಡಿಗೆಯ ಕೋಣೆಯಲ್ಲಿ ಕಣ್ಣು ಮುಚ್ಚಿತು. ಸಂಸ್ಕಾರದ ದಿನ ಅಣ್ಣನೂ ಬಂದು ಬಿಕ್ಕಿ ಬಿಕ್ಕಿ ಅತ್ತರು. "ಎಂಥಾ ಹೆಂಗಸು! ಒಂದು ದಿನ ನಮ್ಮನ್ನ ಏನೂ ಕೇಳಿದವರಲ್ಲ," ಎಂದು ಬಂದವರ ಮುಂದೆಲ್ಲ ಹೊಗಳಿದರು. ಆ ಹೊಗಳಿಕೆ ಕೇಳಿ ಟೈಲರಮ್ಮನ ಮೈ ಉರಿಯಿತು. ಆದರೂ ಅಣ್ಣನ ಅಳು ನೋಡಲಾಗದೆ ಒಂದು ಲೋಟ ನೀರು ತಂದು ಮುಂದೆ ಹಿಡಿದಳು. ಅಣ್ಣ ತೆಗೆದುಕೊಳ್ಳಲಿಲ್ಲ.

ಸಾಕ್ಷಿಯ ದಿನ ಬಂತು. ಅಣ್ಣನ ವಕೀಲರು ಗಟ್ಟಿ ಗಂಟಲಿನವರು.

"ಒಂದೇ ಒಂದು ಸಲ, ರಿಜಿಸ್ಟರ್ ಮಾಡಿಸಿಕೊಡಿ ಅಂತ ನಿಮ್ಮ ಅಣ್ಣನನ್ನ ಬಾಯಿಬಿಟ್ಟು ಕೇಳಿದೀರಾ? ಹೌದು ಅಥವಾ ಇಲ್ಲ ಅನ್ನಿ."

"ಬಾಯಿಬಿಟ್ಟು ಕೇಳಿಲ್ಲ ಸ್ವಾಮಿ."

"ಯಾಕೆ? ಬೇಡವಾಗಿತ್ತು, ಅಲ್ವಾ?"

"ಬೇಡವಾಗಿತ್ತಾ?" ಟೈಲರಮ್ಮ ತಲೆಯೆತ್ತಿದಳು. "ಕಣ್ಣಿಗೆ ಎಣ್ಣೆ ಬಿಟ್ಕೊಂಡು ಕಾಯ್ತಿದ್ದೆ ಸ್ವಾಮಿ."

"ಕಾಯ್ತಿದ್ದಿದ್ದಕ್ಕೆ ಪುರಾವೆ ಏನು?"

ಆಕೆ ತಲೆ ತಗ್ಗಿಸಿದಳು. ವಕೀಲರು ಗೆದ್ದವರ ಹಾಗೆ ಹೋಗಿ ಕೂತರು. ಮಧ್ಯಾಹ್ನದ ಬಿಡುವಿನ ನಂತರ ಅಣ್ಣನ ಸರದಿ. ಅವರು ಕೋಣೆಯೊಳಕ್ಕೆ ಬರುವುದನ್ನು ಕಂಡು ಟೈಲರಮ್ಮನ ಕಣ್ಣು ತುಂಬಿಬಂತು. ಪಕ್ಕದಲ್ಲಿದ್ದ ವಕೀಲಮ್ಮನ ಕೈ ಹಿಡಿದುಕೊಂಡು ಪಿಸುಗುಟ್ಟಿದಳು.

"ನೋಡಿ, ಅಣ್ಣ ನಾನು ಹೊಲಿದ ಅಂಗಿ ಹಾಕ್ಕೊಂಡು ಬಂದಿದಾರೆ. ರಿಜಿಸ್ಟ್ರಿ ಅಂಗಿ."

ಸಿಟ್ಟಿನಲ್ಲಿ ಆಡಿದ ಮಾತು ಬೇರೆ. ದೊಡ್ಡ ಜಾಗಕ್ಕೆ ಹೋಗುವಾಗ ತೊಡಲು ಅವರಿಗಿದ್ದ ಒಳ್ಳೆಯ ಅಂಗಿ ಅದೇ ಆಗಿತ್ತು. ಟೈಲರಮ್ಮ ಈ ಮಾತು ಹೇಳಿದ್ದು ಕರುಳಿನ ಸಂತೋಷಕ್ಕೆ. ಆದರೆ ವಕೀಲಮ್ಮ ಬೆನ್ನು ನೆಟ್ಟಗೆ ಮಾಡಿ ಕೂತರು. "ಏನಂದಿರಿ? ಇನ್ನೊಂದು ಸಲ ಹೇಳಿ."

ಸರದಿ ಬಂದಾಗ ಅವರು ಅಣ್ಣನ ಎದುರು ನಿಂತು ಬಹಳ ಮೃದುವಾಗಿ ಕೇಳಿದರು.

"ಅಂಗಿ ಚೆನ್ನಾಗಿದೆ. ಯಾರು ಹೊಲಿದದ್ದು?"

"ನನ್ನ ತಂಗಿ." ಆ ಎರಡು ಪದ ಹೇಳುವಾಗ ಅಣ್ಣನಿಗೆ ತಿಳಿಯದೆಯೇ ದನಿಯಲ್ಲಿ ಹೆಮ್ಮೆ ಬಂದುಬಿಟ್ಟಿತು.

"ಕನ್ನಡಕದ ಜೇಬಿನ ಪಕ್ಕ ಇನ್ನೊಂದು ಸಣ್ಣ ಜೇಬಿದೆಯಲ್ಲ, ಅದು ಯಾತಕ್ಕೆ?"

"ಪೆನ್ನಿಗೆ."

"ಯಾವ ಪೆನ್ನಿಗೆ?"

ಅಣ್ಣನ ವಕೀಲರು ಎದ್ದು ಏನೋ ಆಕ್ಷೇಪ ಹೇಳಿದರು. ನ್ಯಾಯಾಧೀಶರು, "ಉತ್ತರ ಹೇಳಲಿ," ಎಂದರು. ಅಣ್ಣ ಹಟಮಾರಿ, ನಿಜ. ಸುಳ್ಳುಗಾರರಲ್ಲ. ಒಂದು ಸಲ ತಂಗಿಯ ಕಡೆ ನೋಡಿದರು. ಒಂದು ಸಲ ಆ ಜೇಬನ್ನು ಮುಟ್ಟಿ ನೋಡಿಕೊಂಡರು.

"ರಿಜಿಸ್ಟ್ರಿ ದಿನ ಸಹಿ ಹಾಕೋ ಪೆನ್ನಿಗೆ ಅಂತ."

"ಇಂಥ ಅಂಗಿ ಇದೊಂದೇನಾ?"

"ವರ್ಷಾ ವರ್ಷಾ ಕೊಡ್ತಿದ್ಲು. ಮನೇಲಿ ನಾವೆಲ್ಲ ಅದನ್ನ ರಿಜಿಸ್ಟ್ರಿ ಅಂಗಿ ಅಂತಾನೇ..." ಎಂದವರು ಎದುರಿನ ಕಟಕಟೆಯನ್ನು ಗಟ್ಟಿಯಾಗಿ ಹಿಡಿದುಕೊಂಡರು.

ತಂಗಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಪ್ರೀತಿಯಿಂದ ಹಾಕಿದ ಒಂದೊಂದು ಹೊಲಿಗೆಯನ್ನೂ ಕೋರ್ಟಿನಲ್ಲಿ ಬಿಚ್ಚಿ ತೋರಿಸಬೇಕಾಯಿತಲ್ಲ ಎಂದು ಆಕೆಗೆ ನಾಚಿಕೆಯಾಯಿತು. ನಾಚಬೇಕಾದವಳು ಆಕೆಯಲ್ಲ ಎಂದು ನಾನು ಇಲ್ಲಿ ಎಷ್ಟು ಸಲ ಬರೆದರೂ ಕಡಿಮೆಯೇ.

ತೀರ್ಪಿನಲ್ಲಿ ನ್ಯಾಯಾಧೀಶರು ಹೀಗೆ ಬರೆದರು: ವಾದಿಯು ಬಾಯಿಮಾತಿನಲ್ಲಿ ಕೇಳಲಿಲ್ಲವೆಂಬುದು ನಿಜ, ಆದರೆ ಆಕೆ ಏನು ಬಯಸುತ್ತಿದ್ದಳೆಂಬುದು ಪ್ರತಿವಾದಿಗೆ ಪ್ರತಿವರ್ಷವೂ ತಿಳಿದಿತ್ತೆಂದು ಅವರೇ ಒಪ್ಪಿದ್ದಾರೆ. ಗೊತ್ತುಮಾಡಿದ ಅವಧಿಯೊಳಗೆ ಪ್ರತಿವಾದಿ ಕ್ರಯಪತ್ರ ಬರೆದುಕೊಡಬೇಕು, ತಪ್ಪಿದಲ್ಲಿ ಅವರ ಬದಲು ನ್ಯಾಯಾಲಯವೇ ಬರೆದುಕೊಡುವುದು.

ಅವಧಿ ಮುಗಿಯುವವರೆಗೂ ಟೈಲರಮ್ಮ ಬಾಗಿಲ ಕಡೆ ಕಿವಿಯಿಟ್ಟು ಕೂತಳು. ಅಣ್ಣ ಬಂದು, "ಏಳೇ ಸೂಜಿ, ಹೋಗೋಣ, ಸಹಿ ಹಾಕಿಕೊಡ್ತೀನಿ," ಎನ್ನಬಹುದೆಂದು ಆಸೆ. ಬರಲಿಲ್ಲ. ಮೇಲಿನ ಕೋರ್ಟಿಗೂ ಅವರು ಹೋಗಲಿಲ್ಲ. ಸುಮ್ಮನಿದ್ದುಬಿಟ್ಟರು. ವಕೀಲಮ್ಮ ಮತ್ತೆ ಅರ್ಜಿ ಹಾಕಿದ ಮೇಲೆ ರಿಜಿಸ್ಟ್ರಿಗೆ ದಿನ ಗೊತ್ತಾಯಿತು.

ಆ ದಿನ ರಿಜಿಸ್ಟ್ರಿ ಕಚೇರಿಯಲ್ಲಿ ಜನವೋ ಜನ. ಟೈಲರಮ್ಮನ ಕೈಚೀಲದಲ್ಲಿ ಹೊಸದೊಂದು ಅಂಗಿಯಿತ್ತು. ಗಂಡ ಅದನ್ನು ನೋಡಿದರೂ ಈ ಸಲ ತಮಾಷೆ ಮಾಡಲಿಲ್ಲ. ಪಕ್ಕದ ಕುರ್ಚಿಯ ಮೇಲೆ ಚೀಲವಿಟ್ಟು ಆಕೆ ಜಾಗ ಹಿಡಿದಳು. ಯಾರಾದರೂ ಕೂರಲು ಬಂದರೆ, "ನಮ್ಮಣ್ಣ ಬರ್ತಾರೆ," ಎನ್ನುತ್ತಿದ್ದಳು.

ಹೆಸರು ಕೂಗಿದರು. ಮಾರುವವರ ಜಾಗದಲ್ಲಿ ಕೋರ್ಟಿನಿಂದ ಬಂದ ಅಧಿಕಾರಿ ನಿಂತರು. ಮನೆಯ ಮುಖವನ್ನೂ ನೋಡದ, ಬಾವಿಯ ನೀರನ್ನೂ ಕುಡಿಯದ ಮನುಷ್ಯ. ಅಣ್ಣನ ಪರವಾಗಿ ಅವರು ಹಾಳೆಹಾಳೆಗೂ ಸಹಿ ಹಾಕಿದರು. ಅವರ ಪೆನ್ನು ನಡುವೆ ನಿಂತುಹೋಗಿ, ಗುಮಾಸ್ತನ ಪೆನ್ನು ಇಸಿದುಕೊಂಡರು.

"ಆಯ್ತಮ್ಮ. ಇನ್ನು ಜಾಗ ನಿಮ್ಮದು," ಎಂದರು.

ಇಷ್ಟು ವರ್ಷ ಕೇಳಲು ಹಂಬಲಿಸಿದ್ದ ಮಾತು ಬೇರೊಬ್ಬರ ಬಾಯಿಂದ ಬಂತು. ಆಕೆ ಕೈಮುಗಿದಳು. ಹೊರಗೆ ಬರುವಾಗ ಚೀಲದ ಬಾಯಿಯನ್ನು ಗಂಟು ಹಾಕಿಕೊಂಡಳು.

ಮುಂದಿನ ಭಾನುವಾರ ಗಂಡಹೆಂಡಿರು ಹಿತ್ತಲಿಗೆ ಬಂದು ನೂಲು ಕಟ್ಟಿ ತಳಪಾಯಕ್ಕೆ ಗುರುತು ಹಾಕಿದರು. ಕಿಟಕಿಯನ್ನು ಮರದ ಕಡೆಗೆ ಇಟ್ಟರು. ಎಡಗಡೆಯಿಂದ ಬೆಳಕು ಬರಬೇಕಿದ್ದರೆ ಮಿಷನ್ನು ತಿರುಗಿಸಿದರಾಯಿತು ಎಂದುಕೊಂಡರು. ಅಣ್ಣನ ಮನೆಯ ಹಿತ್ತಲ ಬಾಗಿಲು ಮುಚ್ಚಿಯೇ ಇತ್ತು. ಒಳಗೆ ಪಾತ್ರೆಯ ಸದ್ದು, ಅತ್ತಿಗೆಯ ಕೆಮ್ಮು, ಕುರ್ಚಿ ಎಳೆದ ಸದ್ದು. ಆ ಕುರ್ಚಿ ಎಳೆಯುವ ರೀತಿಯಿಂದಲೇ ಅದು ಅಣ್ಣನೆಂದು ಆಕೆಗೆ ಗೊತ್ತಾಗುತ್ತಿತ್ತು. ಒಂದೇ ಒಂದು ಸಲ ಆ ಬಾಗಿಲು ತೆಗೆದು, "ಕಾಫಿ ಕುಡೀತೀಯೇನೇ?" ಎಂದಿದ್ದರೆ ಆಕೆ ಅಲ್ಲೇ ಕುಸಿದು ಕೂತು ಅತ್ತುಬಿಡುತ್ತಿದ್ದಳು. ಈ ಪದ್ಧತಿ ಆಕೆಯ ಮುಂದೆ ಎರಡನ್ನು ಇಟ್ಟು ಒಂದನ್ನು ಆರಿಸಿಕೊ ಎಂದಿತ್ತು, ನೆಲವೋ ಅಣ್ಣನೋ ಎಂದು. ಯಾವ ಹೆಣ್ಣಿಗೂ ಯಾರೂ ಹಾಗೆನ್ನಬಾರದು.

ಮನೆಯ ಪಕ್ಕದ ಸಂದಿಯಿಂದ ಅಣ್ಣನ ಮಗಳು ಬಂದಳು. ಬಂದವಳೇ ಬಾವಿ ಕಟ್ಟೆಯ ಮೇಲೆ ಕೂತಳು.

"ಅತ್ತೆ, ಒಂದು ವಿಷಯ."

"ಹೇಳು."

"ಅಂಗಡಿ ನಿನ್ನದೇ ಅಂತ ಅಪ್ಪ ನಾನು ಕೆಲಸಕ್ಕೆ ಕೂತ ದಿನದಿಂದ ಹೇಳ್ತಿದಾರೆ. ಬೇರೆ ಕಡೆ ಕೆಲಸ ಸಿಕ್ಕಿತ್ತು, ಅದನ್ನೂ ಬಿಟ್ಟೆ. ಅಮ್ಮನ್ನ ಕೇಳಿದ್ರೆ, ಒಳಗಿನವರ ಹತ್ತಿರ ಕಾಗದ ಕೇಳ್ತಾರಾ ಅಂತ ಮೂಗು ಮುರೀತಾರೆ." ಹುಡುಗಿ ಬಾವಿಯ ಹಗ್ಗವನ್ನು ಬೆರಳಿಗೆ ಸುತ್ತಿಕೊಂಡಳು. "ಕೇಳಲಾ ಅತ್ತೆ?"

ಟೈಲರಮ್ಮ ಪೊರಕೆ ಕೆಳಗಿಟ್ಟಳು. ನರ್ಸತ್ತೆಯ ನೆನಪಾಯಿತು.

"ಕೇಳು. ಇವತ್ತೇ ಕೇಳು. ನನ್ನ ಹಾಗೆ ಅಂಗಿ ಹೊಲಿಯೋಕೆ ಹೋಗಬೇಡ."

ಹುಡುಗಿ ಎದ್ದು ಹೋದಳು. ಸ್ವಲ್ಪ ಹೊತ್ತಿಗೆ ಆ ಮುಚ್ಚಿದ ಬಾಗಿಲಿನ ಹಿಂದಿನಿಂದ ಅವಳ ದನಿ ಕೇಳಿಸಿತು. ಅದು ನಡುಗುತ್ತಿತ್ತು, ಆದರೂ ಹಿತ್ತಲಿಗೆಲ್ಲ ಕೇಳುವಷ್ಟು ಜೋರಾಗಿತ್ತು.

"ಅಪ್ಪ, ಅಂಗಡಿಯಲ್ಲಿ ನನ್ನ ಪಾಲು ಏನು ಅಂತ ಬರೆದು ರಿಜಿಸ್ಟರ್ ಮಾಡಿಸಿಕೊಡಿ. ನಾನು ಕೇಳ್ತಾ ಇದೀನಿ."

ಪಾತ್ರೆಯ ಸದ್ದು ನಿಂತಿತು. ಅತ್ತಿಗೆ ಏನೋ ಗದರಿದರು. ಟೈಲರಮ್ಮ ಬಾಗಿಲ ಕಡೆಗೆ ಎರಡು ಹೆಜ್ಜೆ ಇಟ್ಟಳು. ಗಂಡ ಕೈಯಲ್ಲಿದ್ದ ನೂಲನ್ನು ಹಾಗೇ ಹಿಡಿದುಕೊಂಡಿದ್ದ.

ಆ ದಿನ ಅಣ್ಣ ಉತ್ತರ ಕೊಡಲಿಲ್ಲ. ಆದರೆ ಮೂರು ತಲೆಮಾರಿನಲ್ಲಿ ಆ ಮನೆಯೊಳಗೆ ಒಬ್ಬ ಹೆಣ್ಣುಮಗಳು ತನ್ನದನ್ನು ಬರೆದುಕೊಡಿ ಎಂದು ಬಾಯಿಬಿಟ್ಟು ಕೇಳಿದ್ದು ಅದೇ ಮೊದಲು.